ಕೂಪಮಂಡೂಕನ ಅಳತೆಗೋಲು

ಕೆಲವು ಬೈಗುಳಗಳು ಶಲ್ಯ ಹೊದ್ದು ಬರುತ್ತವೆ. ಟೀವಿ ಚರ್ಚೆಯಲ್ಲಿ ಒಬ್ಬರು ಇನ್ನೊಬ್ಬರನ್ನು ‘ದಡ್ಡ’ ಎಂದರೆ ಜಗಳ ಶುರುವಾಗುತ್ತದೆ. ‘ಕೂಪಮಂಡೂಕ’ ಎಂದರೆ ಚರ್ಚೆ ಮುಂದುವರಿಯುತ್ತದೆ. ಸಂಪಾದಕೀಯ, ಸನ್ಮಾನದ ಭಾಷಣ, ಪುಸ್ತಕ ವಿಮರ್ಶೆ, ಮದುವೆ ಮಾತುಕತೆ ಮುರಿದುಬಿದ್ದ ಮೇಲೆ ಎರಡೂ ಕಡೆಯವರು ತಂತಮ್ಮ ಮನೆಯಲ್ಲಿ ಆಡಿಕೊಳ್ಳುವ ಮಾತು, ಎಲ್ಲಿ ಬೇಕಾದರೂ ಈ ಪದ ಸಲೀಸಾಗಿ ಒಗ್ಗುತ್ತದೆ. ಅಂದವರಿಗೆ ನಾಲ್ಕಕ್ಷರ ಕಲಿತ ಗತ್ತು. ಅನ್ನಿಸಿಕೊಂಡವರಿಗೆ ತಿರುಗಿಸಿ ಏನನ್ನಬೇಕೆಂದು ತಕ್ಷಣಕ್ಕೆ ಹೊಳೆಯುವುದಿಲ್ಲ.

ಹೀಗೆ ಎಲ್ಲೆಂದರಲ್ಲಿ ಓಡಾಡುವ ಪದ ಸವೆಯದೆ ಇರದು. ಈಚೆಗೆ ಕೂಪಮಂಡೂಕ ಎಂದರೆ ಹಳ್ಳಿಯವನು, ಕೂಪಮಂಡೂಕ ಎಂದರೆ ಇಂಗ್ಲಿಷ್ ಬಾರದವನು, ಕೂಪಮಂಡೂಕ ಎಂದರೆ ನನ್ನ ಮಾತು ಒಪ್ಪದವನು ಎಂಬಲ್ಲಿಗೆ ಬಂದು ನಿಂತಿದೆ. ಪದಕ್ಕೆ ಇದಕ್ಕಿಂತ ಖಚಿತವಾದ ಕೆಲಸವೊಂದಿತ್ತು. ಆ ಕೆಲಸಕ್ಕೆ ಬೇರೆ ಪದ ನಮ್ಮಲ್ಲಿ ಇಲ್ಲವಾದ್ದರಿಂದ ಇದನ್ನು ಸ್ವಲ್ಪ ಜೋಪಾನ ಮಾಡಬೇಕು ಅನ್ನಿಸುತ್ತದೆ.

‘ಕೂಪ’ ಕನ್ನಡದಲ್ಲಿ ಒಂಟಿಯಾಗಿ ಬದುಕಿದ್ದು ಕಡಿಮೆ. ಕೂಪದಿಂದ ನೀರು ಸೇದಿ ತಾ ಎಂದು ಯಾರೂ ಹೇಳುವುದಿಲ್ಲ. ರೋಮಕೂಪ, ನರಕಕೂಪ, ಹೆದ್ದಾರಿಯ ಯಾವುದೋ ತಿರುವು ಸುದ್ದಿಯಾದಾಗ ಮೃತ್ಯುಕೂಪ, ಹೀಗೆ ಸಮಾಸದಲ್ಲೇ ಅದರ ಸಂಸಾರ. ‘ಮಂಡೂಕ’ಕ್ಕೆ ಯೋಗಾಸನದ ತರಗತಿಯಲ್ಲಿ ಒಂದಿಷ್ಟು ಜಾಗ ಸಿಕ್ಕಿದೆ. ಆಡುಮಾತಿನಲ್ಲಿ ಇದು ಬಾವಿಯೊಳಗಿನ ಕಪ್ಪೆ. ಅದೂ ಬೇಡವೆಂದರೆ ‘ಅವ್ನೇನು ಲೋಕ ಕಂಡಿದಾನೆ’, ‘ಹೊರಗಿನ ಗಾಳಿ ಸೋಕಿಲ್ಲ ಬಿಡಿ’ ಎಂದು ಮುಗಿಸುತ್ತೇವೆ. ತಮಿಳಿನಲ್ಲೂ ಹಿಂದಿಯಲ್ಲೂ ಬಂಗಾಳಿಯಲ್ಲೂ ಇದೇ ಕಪ್ಪೆ, ಇದೇ ಬಾವಿ. ಮಲಯ ಭಾಷೆಯವರು ಮಾತ್ರ ಅದನ್ನು ತೆಂಗಿನ ಚಿಪ್ಪಿನ ಅಡಿಯಲ್ಲಿ ಕೂರಿಸಿದ್ದಾರೆ. ಇಷ್ಟೊಂದು ತೆಂಗು ಬೆಳೆಯುವ ನಮಗೆ ಇದು ಹೊಳೆಯಲಿಲ್ಲವಲ್ಲ ಎಂದು ಕೊಂಚ ಹೊಟ್ಟೆಕಿಚ್ಚಾಗುತ್ತದೆ.

ಪದದ ವಯಸ್ಸು ಕೇಳಬೇಕೆಂದರೆ ವ್ಯಾಕರಣದ ಹತ್ತಿರ ಹೋಗಬೇಕು. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಎರಡನೆಯ ಅಧ್ಯಾಯ, ಮೊದಲ ಪಾದ, 48ನೆಯ ಸೂತ್ರ ‘ಪಾತ್ರೇಸಮಿತ’ ಮೊದಲಾದ ಒಂದು ಗುಂಪಿನ ಸಮಾಸಗಳನ್ನು ಹೇಳುತ್ತದೆ. ಗುಂಪಿನಲ್ಲಿ ಯಾರ್ಯಾರಿದ್ದಾರೆ ಎಂಬುದು ಗಣಪಾಠದಲ್ಲಿದೆ, ಕೂಪಮಂಡೂಕ ಅಲ್ಲಿದ್ದಾನೆ. ಇವೆಲ್ಲ ಸಪ್ತಮೀ ಸಮಾಸಗಳು, ಅಂದರೆ ‘ಬಾವಿಯಲ್ಲಿ’ ಕಪ್ಪೆ. ಜತೆಗೊಂದು ಷರತ್ತು: ನಿಂದೆಯ ಅರ್ಥ ಬರಬೇಕು. ವೈಯಾಕರಣರು ಅದನ್ನು ‘ಕ್ಷೇಪ’ ಎನ್ನುತ್ತಾರೆ. ನಿಜವಾದ ಬಾವಿಯಲ್ಲಿ ನಿಜವಾಗಿ ಕೂತ ಕಪ್ಪೆಯ ಗೊಡವೆ ಈ ಸೂತ್ರಕ್ಕಿಲ್ಲ. ಮನುಷ್ಯನೊಬ್ಬನನ್ನು ಹಾಗೆಂದು ಹಂಗಿಸಿದಾಗಲೇ ಸಮಾಸ ಸಿದ್ಧಿಸುವುದು. ಪ್ರಾಣಿಯ ಹೆಸರಾಗಿದ್ದು ಆಮೇಲೆ ಬೈಗುಳವಾದ ಪದವಲ್ಲ, ಬೈಗುಳವಾಗಿಯೇ ಹುಟ್ಟಿದ ಪದ.

ಆ ಪಟ್ಟಿ ಓದುವುದೇ ಒಂದು ಮಜ. ಪಾತ್ರೇಸಮಿತ ಎಂದರೆ ಊಟದ ತಟ್ಟೆ ಇಟ್ಟಾಗ ಮಾತ್ರ ಬಂದು ಸೇರುವವನು, ಕೆಲಸದ ಹೊತ್ತಿಗೆ ನಾಪತ್ತೆ. ಗೇಹೇಶೂರ ಮನೆಯೊಳಗೆ ಶೂರ, ಗೇಹೇನರ್ದೀ ಮನೆಯೊಳಗೆ ಗರ್ಜಿಸುವವನು. ಉತ್ತರನ ಪೌರುಷ ಒಲೆ ಮುಂದೆ ಎಂದು ನಾವು ಹೇಳುವುದು ಇವರಿಬ್ಬರನ್ನೇ. ಪಿಂಡೀಶೂರನ ಪರಾಕ್ರಮವೆಲ್ಲ ಅನ್ನದ ಉಂಡೆಯ ಮೇಲೆ. ಗೋಷ್ಠೇಪಂಡಿತ ಕೊಟ್ಟಿಗೆಯಲ್ಲಿ ಪಂಡಿತ. ಗೋಷ್ಠ ಎಂದರೆ ದನದ ಕೊಟ್ಟಿಗೆ. ವಿಚಾರಗೋಷ್ಠಿಯ ‘ಗೋಷ್ಠಿ’ ಅದರ ಮಗಳೇ ಎಂಬುದನ್ನು ನಾನಿಲ್ಲಿ ಒತ್ತಿ ಹೇಳಹೋಗುವುದಿಲ್ಲ. ಕಪ್ಪೆಗಂತೂ ಒಂದಲ್ಲ, ಮೂರು ವಿಳಾಸ: ಕೂಪಮಂಡೂಕ, ಉದಪಾನಮಂಡೂಕ, ಮತ್ತು ಬಾವಿಯೂ ದೊಡ್ಡದಾಯಿತು ಎನ್ನುವವರಿಗಾಗಿ ಕೊಡದೊಳಗಿನ ಕುಂಭಮಂಡೂಕ. ಅದೇ ಬಾವಿಯಲ್ಲಿ ಕೂಪಕಚ್ಛಪ ಎಂಬ ಆಮೆಯೂ ಇದೆ. ಅದಕ್ಕೆ ಯಾಕೋ ಹೆಸರು ಬರಲಿಲ್ಲ.

ಪಟ್ಟಿಯಲ್ಲಿ ನನ್ನ ಮನಸ್ಸಿಗೆ ಹಿಡಿಸಿದ್ದು ಉದುಂಬರಮಶಕ, ಅತ್ತಿಹಣ್ಣಿನೊಳಗಿನ ನುಸಿ. ಅತ್ತಿಹಣ್ಣು ಬಿಡಿಸಿದರೆ ಹುಳ ಎಂದು ಗಾದೆ ಆಡುವ ನಮಗೆ ಈ ಬೈಗುಳ ಕನ್ನಡಕ್ಕೆ ಇಳಿಯದೆ ಹೋದದ್ದು ನಷ್ಟವೇ. ಮಾಗಿದ ಅತ್ತಿಹಣ್ಣನ್ನು ಬೆರಳಲ್ಲಿ ಸೀಳಿದರೆ ಕಪ್ಪಗೆ ಹರಿದಾಡುವ ಸಣ್ಣ ಕಣಜಗಳಿವೆಯಲ್ಲ, ಅವುಗಳಲ್ಲಿ ಹೆಣ್ಣಿಗೆ ರೆಕ್ಕೆಯಿದೆ, ಗಂಡಿಗಿಲ್ಲ. ಗಂಡು ಹುಟ್ಟುವುದು ಹಣ್ಣಿನೊಳಗೆ, ಬಹುಮಟ್ಟಿಗೆ ಸಾಯುವುದೂ ಅಲ್ಲೇ. ಸಾಯುವ ಮುನ್ನ ಅದು ಹಣ್ಣಿನ ಗೋಡೆಯನ್ನು ದವಡೆಯಿಂದ ಕೊರೆದು ಒಂದು ಸುರಂಗ ಮಾಡುತ್ತದೆ. ಆ ದಾರಿಯಲ್ಲಿ ಹೆಣ್ಣು ಕಣಜಗಳು ಪರಾಗ ಹೊತ್ತು ಬೇರೆ ಮರಕ್ಕೆ ಹಾರಿಹೋಗುತ್ತವೆ. ತಾನು ನೋಡದ ಲೋಕಕ್ಕೆ ಬಾಗಿಲು ಕೊರೆದು ಕೊಡುವ ಜೀವ ಅದು. ಬೈಗುಳದ ಪಟ್ಟಿಗೆ ಅದನ್ನು ಸೇರಿಸಿದ್ದು ಅನ್ಯಾಯ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಯಾರನ್ನು ದೂರುವುದು?

ವ್ಯಾಕರಣ ಬಿಟ್ಟು ಕಥೆಗೆ ಬಂದರೆ, ಬಾವಿಯ ಕಪ್ಪೆಯ ಹಳೆಯ ಕಥೆಗಳಲ್ಲಿ ಸೊಗಸಾದದ್ದು ಚೀನಾದ್ದು. ಚುವಾಂಗ್‌ತ್ಸೆ ಎಂಬ ದಾರ್ಶನಿಕನ ಹೆಸರಿನ ಗ್ರಂಥದಲ್ಲಿ ‘ಶರತ್ಕಾಲದ ನೆರೆ’ ಎಂಬ ಅಧ್ಯಾಯವಿದೆ, ಹದಿನೇಳನೆಯದು. ಅದರಲ್ಲಿ ಕುಸಿದುಬಿದ್ದ ಬಾವಿಯ ಕಪ್ಪೆಯೊಂದು ಪೂರ್ವಸಮುದ್ರದ ಆಮೆಯ ಮುಂದೆ ತನ್ನ ಸುಖ ಹೇಳಿಕೊಳ್ಳುತ್ತದೆ. ಬೇಕಾದಾಗ ಕಟ್ಟೆಯ ಮೇಲೆ ಜಿಗಿಯುತ್ತೇನೆ, ಒಡೆದ ಇಟ್ಟಿಗೆಯ ಸಂದಿಯಲ್ಲಿ ಒರಗುತ್ತೇನೆ, ನೀರಿಗೆ ಬಿದ್ದರೆ ಕಂಕುಳವರೆಗೆ ಬರುತ್ತದೆ, ಕೆಸರಿಗಿಳಿದರೆ ಪಾದ ಮುಳುಗುತ್ತದೆ, ಸುತ್ತಲಿನ ಏಡಿ, ಗೊದಮೊಟ್ಟೆಗಳಲ್ಲಿ ಯಾರಿಗಿದೆ ಈ ಭಾಗ್ಯ, ನೀನೂ ಒಮ್ಮೆ ಒಳಗೆ ಬಂದು ನೋಡಬಾರದೆ ಎನ್ನುತ್ತದೆ. ಆಮೆ ಬರಲು ಹೋದರೆ ಎಡಗಾಲು ಒಳಗಿಡುವ ಮೊದಲೇ ಬಲ ಮೊಣಕಾಲು ಸಿಕ್ಕಿಕೊಳ್ಳುತ್ತದೆ. ಹಿಂದೆ ಸರಿದು ಕಡಲಿನ ವಿಷಯ ಹೇಳುತ್ತದೆ: ಹತ್ತು ವರ್ಷದಲ್ಲಿ ಒಂಬತ್ತು ಸಲ ನೆರೆ ಬಂದರೂ ಏರದ ನೀರು, ಎಂಟು ವರ್ಷದಲ್ಲಿ ಏಳು ಬರ ಬಂದರೂ ಇಳಿಯದ ನೀರು. ಕೇಳಿದ ಕಪ್ಪೆ ದಂಗುಬಡಿದು ಕೂರುತ್ತದೆ.

ಈ ಕಥೆಯನ್ನು ಅಲ್ಲಿ ಹೇಳಿರುವುದು ಯಾವನೋ ಹಳ್ಳಿಗನಿಗಲ್ಲ. ಕೇಳಿಸಿಕೊಳ್ಳುತ್ತಿರುವವನು ಗೊಂಗ್‌ಸುನ್ ಲುಂಗ್, ಬಿಳಿ ಕುದುರೆ ಕುದುರೆಯೇ ಅಲ್ಲ ಎಂದು ವಾದಿಸಿ ಹೆಸರು ಮಾಡಿದ ತರ್ಕಶಾಸ್ತ್ರಿ. ಎಲ್ಲರ ಬಾಯಿ ಮುಚ್ಚಿಸಿದ ನನಗೆ ಈ ಚುವಾಂಗ್‌ತ್ಸೆ ಮಾತ್ರ ಅರ್ಥವಾಗುತ್ತಿಲ್ಲವಲ್ಲ ಎಂದು ಅವನು ಹಲುಬುತ್ತಿರುವಾಗ ರಾಜಕುಮಾರನೊಬ್ಬ ಕಪ್ಪೆಯ ಕಥೆ ತೆಗೆಯುತ್ತಾನೆ. ಓದಿಲ್ಲದವನನ್ನು ಹಂಗಿಸಲಿಕ್ಕೆ ಈ ಕಪ್ಪೆ ಬೇಕಿರಲಿಲ್ಲ, ಓದಿದವನಿಗೆ ಬೇಕಾಗಿತ್ತು.

ಭಾರತದಲ್ಲಿ ಕಥೆ ಎಲ್ಲರ ಬಾಯಿಗೆ ಬಂದದ್ದರಲ್ಲಿ ವಿವೇಕಾನಂದರ ಪಾಲು ದೊಡ್ಡದು. ಚಿಕಾಗೋದ ಸರ್ವಧರ್ಮ ಸಮ್ಮೇಳನದ ಮೊದಲ ದಿನದ ಭಾಷಣ, 1893ರ ಸೆಪ್ಟೆಂಬರ್ 11ರದ್ದು, ಎಲ್ಲರಿಗೂ ಗೊತ್ತು. ನಾಲ್ಕು ದಿನ ಬಿಟ್ಟು, 15ರಂದು ಅವರು ಆಡಿದ ಪುಟ್ಟ ಮಾತು ಪೂರ್ತಿ ಈ ಕಪ್ಪೆಯದೇ. ಕಡಲ ಕಪ್ಪೆಯೊಂದು ಬಾವಿಗೆ ಬೀಳುತ್ತದೆ. ಬಾವಿಯ ಕಪ್ಪೆ ಈ ಅಂಚಿನಿಂದ ಆ ಅಂಚಿಗೆ ನೆಗೆದು, ನಿನ್ನ ಕಡಲು ಇಷ್ಟು ದೊಡ್ಡದೇ ಎಂದು ಕೇಳುತ್ತದೆ. ಹೋಲಿಕೆಯೇ ಸಲ್ಲದು ಎಂದಾಗ ಅದು ತೀರ್ಪು ಕೊಡುತ್ತದೆ: ನನ್ನ ಬಾವಿಗಿಂತ ದೊಡ್ಡದು ಇರಲಾರದು, ಇವನು ಸುಳ್ಳುಗಾರ, ಆಚೆಗಟ್ಟಿ. ಹಿಂದೂ, ಕ್ರೈಸ್ತ, ಮುಸಲ್ಮಾನ ಮೂವರೂ ತಂತಮ್ಮ ಬಾವಿಯಲ್ಲಿ ಕೂತಿದ್ದೇವೆ ಎಂದು ಮುಗಿಸಿದ ವಿವೇಕಾನಂದರು ಮೊದಲು ಹೆಸರಿಸಿದ್ದು ತಮ್ಮದೇ ಬಾವಿಯನ್ನು. ಅದರ ಹಿಂದಿನ ವರ್ಷವಷ್ಟೇ ಅವರು ಬೆಳಗಾವಿ, ಬೆಂಗಳೂರು, ಮೈಸೂರು ಸುತ್ತಿ ಹೋಗಿದ್ದರು. ಮೈಸೂರಿನ ಚಾಮರಾಜೇಂದ್ರ ಒಡೆಯರು ಅವರ ವಿದೇಶಯಾತ್ರೆಗೆ ಒತ್ತಾಸೆಯಾಗಿದ್ದವರು.

ಎರಡು ಕಪ್ಪೆಗಳಿಗೂ ಒಂದು ವ್ಯತ್ಯಾಸವಿದೆ. ಚೀನಾದ ಕಪ್ಪೆ ದಂಗಾಗುತ್ತದೆ. ಅಲ್ಲಿಗೆ ಅದರ ಬಾವಿಯ ಬುದ್ಧಿ ಮುಗಿಯಿತೆಂದೇ ಲೆಕ್ಕ. ಚಿಕಾಗೋದಲ್ಲಿ ಕೇಳಿಬಂದ ಕಪ್ಪೆ ಹೊಸಬನನ್ನೇ ಸುಳ್ಳುಗಾರ ಮಾಡಿ ಹೊರದಬ್ಬುತ್ತದೆ. ನಾವು ಈ ಪದದಲ್ಲಿ ಬೈಯಬೇಕಾದದ್ದು ಎರಡನೆಯದನ್ನು. ಸಮುದ್ರ ಕಾಣದೆ ಇರುವುದು ತಪ್ಪಲ್ಲ, ಕಂಡವನು ಬಂದು ಹೇಳಿದಾಗ ತನ್ನ ಬಾವಿಯ ಸುತ್ತಳತೆಯಲ್ಲಿ ಅವನ ಮಾತನ್ನು ಅಳೆದದ್ದು ತಪ್ಪು. ಕೂಪಮಂಡೂಕತನ ವಾಸಸ್ಥಳಕ್ಕೆ ಸಂಬಂಧಿಸಿದ್ದಲ್ಲ, ಅಳತೆಗೆ ಸಂಬಂಧಿಸಿದ್ದು.

(ನಡುವೆ ಒಂದು ಕಿರಿಕಿರಿ: ಕಡಲ ಕಪ್ಪೆ ಎಲ್ಲಿಂದ ಬಂತು? ಕಪ್ಪೆಯ ಚರ್ಮ ನೀರನ್ನು ಬಿಟ್ಟುಕೊಳ್ಳುವಂಥದ್ದು. ಉಪ್ಪುನೀರಿನಲ್ಲಿ ಮೈಯ ನೀರೆಲ್ಲ ಹೊರಗೆಳೆದು ಸಾಮಾನ್ಯ ಕಪ್ಪೆ ಸಾಯುತ್ತದೆ. ಆಗ್ನೇಯ ಏಷ್ಯಾದ ಕಾಂಡ್ಲಾ ಕಾಡುಗಳಲ್ಲಿ ಏಡಿ ತಿಂದು ಬದುಕುವ ಒಂದು ಜಾತಿ ಉಪ್ಪುನೀರನ್ನು ತಾಳಿಕೊಳ್ಳುತ್ತದೆ, ಅದು ಅಪವಾದ. ಆಮೆಯನ್ನು ಕಳಿಸಿದ ಚುವಾಂಗ್‌ತ್ಸೆಗೆ ಈ ವಿಷಯದಲ್ಲಿ ಒಂದು ಅಂಕ ಹೆಚ್ಚು.)

ಪದ ಬಳಸುವವರು ಇದರ ನೆರೆಹೊರೆಯವರನ್ನೂ ಗುರುತು ಹಿಡಿಯಬೇಕು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಹಠಮಾರಿ. ಅವನಿಗೆ ನಾಲ್ಕನೆಯ ಕಾಲು ಕಾಣುತ್ತಿರುತ್ತದೆ. ಕಾಮಾಲೆ ಕಣ್ಣಿನವನದು ಪೂರ್ವಗ್ರಹ, ಅವನು ಊರೂರು ಸುತ್ತಿದರೂ ಎಲ್ಲ ಹಳದಿಯೇ. ಅಪ್ಪ ನೆಟ್ಟ ಆಲದ ಮರಕ್ಕೆ ಜೋತುಬಿದ್ದವನದು ಗೊಡ್ಡು ನಿಷ್ಠೆ. ಸಣ್ಣತನ ಎನ್ನುವುದು ನೋಟಕ್ಕಿಂತ ಮನಸ್ಸಿಗೆ ಅಂಟಿದ್ದು. ಜಗತ್ತೆಲ್ಲ ಸುತ್ತಿ ಬಂದು ಚಹದ ಬಿಲ್ಲಿಗೆ ಮುಖ ತಿರುಗಿಸುವವರು ಇಲ್ಲವೆ? ಇನ್ನು ಮಡಿವಂತಿಕೆ. ಇದು ಕನ್ನಡ ತಾನೇ ಬೆಳೆಸಿಕೊಂಡ ಪದ, ಅಡುಗೆಮನೆಯಿಂದ ಹೊರಟು ‘ಭಾಷಾ ಮಡಿವಂತಿಕೆ’ಯವರೆಗೆ ಬಂದಿದೆ. ಮಡಿವಂತನಿಗೆ ಹೊರಗೊಂದು ಲೋಕವಿದೆ ಎಂಬುದು ಚೆನ್ನಾಗಿ ಗೊತ್ತು. ಗೊತ್ತಿರುವುದರಿಂದಲೇ ಅವನು ಒಂದು ಮಾರು ದೂರ ನಿಲ್ಲುತ್ತಾನೆ. ಕಪ್ಪೆಗೆ ಆ ಕಷ್ಟವಿಲ್ಲ, ಅದರ ಪಾಲಿಗೆ ಹೊರಗೆ ಎಂಬುದೇ ಇಲ್ಲ. ಹಾಳೂರಿಗೆ ಉಳಿದವನೇ ಗೌಡ, ಮರವಿಲ್ಲದ ಊರಿಗೆ ಔಡಲ ಗಿಡವೇ ಮಹಾವೃಕ್ಷ ಎಂಬ ಗಾದೆಗಳು ಬಾವಿಯ ಹತ್ತಿರದವು, ಆದರೆ ಅಲ್ಲಿ ತಪ್ಪು ಗೌಡನದೂ ಅಲ್ಲ, ಔಡಲದ್ದೂ ಅಲ್ಲ.

ಬರೆಯುವವರಿಗೆ ಒಂದೆರಡು ಮಾತು. ‘ಕೂಪ ಮಂಡೂಕ’ ಎಂದು ಬಿಡಿಸಿ ಬರೆಯುವುದು ಬೇಡ, ಅದು ಒಂದೇ ಪದ. ‘ಕೂಪಮಂಡೂಕ ನ್ಯಾಯ’ ಎಂದಾಗ ನ್ಯಾಯಾಲಯದ ನ್ಯಾಯ ನೆನಪಾಗಬಾರದು. ಅಂಧಗಜ ನ್ಯಾಯ, ಕಾಕತಾಳೀಯ ನ್ಯಾಯ ಎಂಬಲ್ಲಿರುವಂತೆ ಅದು ಲೋಕರೂಢಿಯ ದೃಷ್ಟಾಂತ. ಬಹುವಚನ ಏನು? ಕತ್ತೆ ಎಂದು ಬೈದಾಗ ‘ಕತ್ತೆಗಳು’ ಎನ್ನುತ್ತೇವೆ, ಕತ್ತೆಯರು ಎನ್ನುವುದಿಲ್ಲ. ಹಾಗಾದರೆ ಕೂಪಮಂಡೂಕಗಳೇ ಸರಿಯಲ್ಲವೆ ಎಂದು ಕೇಳುವವರಿದ್ದಾರೆ. ನನ್ನ ಓಟು ‘ಕೂಪಮಂಡೂಕರು’ ಕಡೆಗೆ. ಕಾರಣ ಪಾಣಿನಿಯ ಷರತ್ತು: ಮನುಷ್ಯನನ್ನು ನಿಂದಿಸುವಾಗ ಹುಟ್ಟಿದ ಸಮಾಸ ಮನುಷ್ಯನ ಪ್ರತ್ಯಯವನ್ನೇ ತೊಡಲಿ. ಹೆಂಗಸರಿಗೆ ಏನನ್ನಬೇಕೆಂದು ಮಾತ್ರ ಕನ್ನಡ ತೀರ್ಮಾನಿಸಿಲ್ಲ. ಕೂಪಮಂಡೂಕಳು ಎಂದು ನಾನು ಎಲ್ಲೂ ಓದಿಲ್ಲ. ಬಾವಿಕಟ್ಟೆಯಲ್ಲೇ ಅರ್ಧ ಆಯುಷ್ಯ ಕಳೆದವರಿಗೆ ಈ ಬೈಗುಳ ಸಿಗದೆ ಹೋದದ್ದು ವಿಚಿತ್ರವೇ.

ಬಾವಿ ಎಷ್ಟು ದೊಡ್ಡದಿರಬಹುದು? ಒಂದು ದೇಶದಷ್ಟು. ಸುಮಾರು 1030ರಲ್ಲಿ ಭಾರತದ ಬಗ್ಗೆ ಗ್ರಂಥ ಬರೆದ ಅಲ್ ಬಿರೂನಿ ಸಂಸ್ಕೃತ ಕಲಿತು, ಪಂಡಿತರ ಜತೆ ಕೂತು ಖಗೋಳ, ಗಣಿತ ಚರ್ಚಿಸಿದವನು. ಅವನ ದೂರು ಇದು: ಇಲ್ಲಿನವರು ತಮ್ಮ ದೇಶದಂಥ ದೇಶವಿಲ್ಲ, ತಮ್ಮ ಶಾಸ್ತ್ರದಂಥ ಶಾ‌ಸ್ತ್ರವಿಲ್ಲ ಎಂದುಕೊಂಡಿದ್ದಾರೆ, ಹೊರಗೆ ತಿರುಗಾಡಿ ನಾಲ್ಕು ಜನರೊಡನೆ ಬೆರೆತರೆ ಈ ಭ್ರಮೆ ಕಳೆಯುತ್ತಿತ್ತು, ಇವರ ಪೂರ್ವಿಕರು ಹೀಗಿರಲಿಲ್ಲ. ಸಾಕ್ಷಿಗೆ ಅವನು ಕರೆಯುವುದು ವರಾಹಮಿಹಿರನನ್ನು. ಆರನೆಯ ಶತಮಾನದ ಆ ಜ್ಯೋತಿಷಿ, ಯವನರು ಮ್ಲೇಚ್ಛರಾದರೂ ಈ ಶಾಸ್ತ್ರ ಅವರಲ್ಲಿ ನೆಲೆನಿಂತಿರುವುದರಿಂದ ಋಷಿಗಳಂತೆ ಪೂಜ್ಯರು ಎಂದು ಬೃಹತ್ಸಂಹಿತೆಯಲ್ಲಿ ಹೇಳಿದ್ದ. ಅಂದರೆ ಐನೂರು ವರ್ಷದಲ್ಲಿ ನೋಟ ಇಷ್ಟು ಕಿರಿದಾಯಿತು ಎಂದು ಅಲ್ ಬಿರೂನಿಯ ಲೆಕ್ಕ. ಇಷ್ಟನ್ನೇ ಎತ್ತಿ ಹೇಳುವವರು ಅವನ ಇನ್ನೊಂದು ಮಾತನ್ನು ಬಿಟ್ಟುಬಿಡುತ್ತಾರೆ. ಮಹಮೂದ್ ಘಜ್ನಿಯ ದಾಳಿಗಳಿಂದ ನಾಡು ನುಚ್ಚುನೂರಾಗಿ, ಹೊರಗಿನವರೆಂದರೆ ಇಲ್ಲಿನವರಿಗೆ ತೀರದ ದ್ವೇಷ ಹುಟ್ಟಿತೆಂದೂ ಅವನೇ ಬರೆದಿದ್ದಾನೆ, ಅದೂ ಮಹಮೂದನ ಆಶ್ರಯದಲ್ಲಿದ್ದವನು. ಕೆಲವು ಬಾವಿಗಳನ್ನು ಒಣಹೆಮ್ಮೆ ತೋಡುತ್ತದೆ, ಕೆಲವನ್ನು ಹೆದರಿಕೆ.

ಹೆಮ್ಮೆ ಎಲ್ಲಿ ಮುಗಿದು ಹೆದರಿಕೆ ಎಲ್ಲಿ ಶುರುವಾಗುತ್ತದೆ ಎಂಬುದು ಒಂದೊಂದು ಸಲ ಗೊತ್ತೇ ಆಗುವುದಿಲ್ಲ. 1888ರಲ್ಲಿ ಹದಿನೆಂಟರ ಹುಡುಗ ಮೋಹನದಾಸ ಗಾಂಧಿ ಬ್ಯಾರಿಸ್ಟರ್ ಓದಲು ಇಂಗ್ಲೆಂಡಿಗೆ ಹೊರಟಾಗ ಮುಂಬಯಿಯಲ್ಲಿ ಮೋಢ್ ಬನಿಯಾ ಜಾತಿಯ ಸಭೆ ಕೂಡಿತು. ಇಂಗ್ಲೆಂಡಿಗೆ ಹೋದವರು ಧರ್ಮ ಉಳಿಸಿಕೊಳ್ಳುವುದು ಸಾಧ್ಯವೇ ಇಲ್ಲ ಎಂದು ಮುಖ್ಯಸ್ಥರು ಖಡಾಖಂಡಿತ ಹೇಳಿದರು. ಹುಡುಗ ಬಗ್ಗಲಿಲ್ಲ. ಅವನನ್ನು ಜಾತಿಯಿಂದ ಹೊರಗಿಟ್ಟರು. ಅವನಿಗೆ ನೆರವಾದವರಿಗೆ, ಬಂದರಿಗೆ ಹೋಗಿ ಬೀಳ್ಕೊಟ್ಟವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ. ಆ ನಾಲ್ಕಾಣೆ ನನಗೆ ಬಹಳ ಕುತೂಹಲದ್ದು. ಕಾಣದ ಕಡಲಿನಾಚೆಯ ಧರ್ಮಾಧರ್ಮವನ್ನು ಚಿಲ್ಲರೆ ಸಮೇತ ನಿಗದಿ ಮಾಡುವ ಆತ್ಮವಿಶ್ವಾಸ ಇದೆಯಲ್ಲ, ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಈಗ ನಮ್ಮ ಮನೆಯ ಜಗಲಿಗೆ ಬರೋಣ. ಶಾಲೆಯಲ್ಲಿ ಕನ್ನಡ, ಫಲಕದಲ್ಲಿ ಕನ್ನಡ, ಬ್ಯಾಂಕಿನಲ್ಲಿ ಕನ್ನಡ ಎಂದು ಯಾರಾದರೂ ಬಾಯಿಬಿಟ್ಟ ಕೂಡಲೇ ಈ ಪದ ತಲೆಯ ಮೇಲೆ ಬೀಳುತ್ತದೆ. ಇದು ತಪ್ಪು ಬಳಕೆ. ತನ್ನ ನುಡಿಯಲ್ಲಿ ಬದುಕಬೇಕು ಎನ್ನುವುದು ಕಪ್ಪೆ ನೀರಿನಲ್ಲಿರಬೇಕು ಎಂದಂತೆ, ಅದರಲ್ಲಿ ಅಳತೆಯ ಪ್ರಶ್ನೆಯೇ ಇಲ್ಲ. ಸರಿಯಾದ ಬಳಕೆ ಬೇಕೆಂದರೆ ನವೆಂಬರ್ ತಿಂಗಳ ವಾಟ್ಸ್ಯಾಪ್ ತೆರೆಯಿರಿ. ಕನ್ನಡ ಜಗತ್ತಿನಲ್ಲೇ ಶೇಕಡಾ 99.99ರಷ್ಟು ಪರಿಪೂರ್ಣ, ವೈಜ್ಞಾನಿಕ ಭಾಷೆ ಎಂಬ ಸಂದೇಶ ಬಂದಿರುತ್ತದೆ. ಉಳಿದ 0.01 ಎಲ್ಲಿ ಸೋರಿಹೋಯಿತೆಂದು ಯಾರೂ ಕೇಳುವುದಿಲ್ಲ. ಅಳೆದವರು ಯಾರು, ಯಾವ ಭಾಷೆಯ ಪಕ್ಕ ಇಟ್ಟು ಅಳೆದರು? ಇನ್ನೊಂದು ಭಾಷೆ ಬಾರದವನು ನನ್ನ ಭಾಷೆಯೇ ಮೇಲು ಎನ್ನುವುದು ಅಪ್ಪಟ ಬಾವಿಯ ಅಳತೆ. ಕವಿರಾಜಮಾರ್ಗದ ಕವಿ ಒಂಬತ್ತನೆಯ ಶತಮಾನದಲ್ಲೇ ಕನ್ನಡದ ಗಡಿಯನ್ನು ಹೆಮ್ಮೆಯಿಂದ ಹಾಕಿದ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲದ್ದೇ ನಿಜವಾದ ಸಂಪತ್ತು ಎಂದದ್ದೂ ಅದೇ ಗ್ರಂಥದಲ್ಲಿ. ಅವನಿಗೆ ಶೇಕಡಾವಾರು ಬೇಕಾಗಲಿಲ್ಲ.

ಕೂಪಮಂಡೂಕನಿಗೆ ಎದುರುಬದಿಯಲ್ಲಿ ಇನ್ನೊಬ್ಬನಿದ್ದಾನೆ. ಅವನಿಗೆ ಸಂಸ್ಕೃತದಲ್ಲಿ ಸಮಾಸವಿಲ್ಲ, ಕನ್ನಡದಲ್ಲಿ ಗಾದೆಯಿದೆ: ಹಿತ್ತಲ ಗಿಡ ಮದ್ದಲ್ಲ. ಐರ್ಲೆಂಡಿನ ಕವಿ ಪ್ಯಾಟ್ರಿಕ್ ಕವನಾ ಹೊಲ ಉಳುತ್ತಿದ್ದ ಮನೆತನದವನು. ತನ್ನ ಊರಿನ ಬದುಕಿಗೆ ಬೆಲೆಯಿದೆಯೋ ಇಲ್ಲವೋ ಎಂದು ಸಂಶಯಪಡದವನನ್ನು ಅವನು ಮೆಚ್ಚಿದ. ರಾಜಧಾನಿ ಏನನ್ನುತ್ತದೆ ಎಂದು ಕೇಳಿಕೊಳ್ಳುವವರೆಗೆ ತನ್ನ ಕಣ್ಣನ್ನೇ ನಂಬದವನನ್ನು ಹಳಿದ. ನಮ್ಮಲ್ಲಿ ಮೊದಲನೆಯವನಿಗೆ ಬಾವಿಯ ಕಪ್ಪೆ ಎನ್ನುತ್ತೇವೆ, ಎರಡನೆಯವನಿಗೆ ವಿಶಾಲ ಮನೋಭಾವದವನು ಎನ್ನುತ್ತೇವೆ. ಪುತ್ತೂರಿನಲ್ಲಿ ಕೂತು ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಎಂಬ ವಿಶ್ವಕೋಶವನ್ನು 1936ರಲ್ಲಿ ಮೂರು ಸಂಪುಟಗಳಲ್ಲಿ ತಂದರು. ಆಮೇಲೆ ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’. ಒಬ್ಬನೇ ಮನುಷ್ಯ, ತಾಲ್ಲೂಕು ಪಟ್ಟಣ, ನಕ್ಷತ್ರದಿಂದ ಹಿಡಿದು ನುಸಿಯವರೆಗೆ ಕನ್ನಡದಲ್ಲಿ. ಅವರ ಕಾದಂಬರಿಗಳು ಬಹುಮಟ್ಟಿಗೆ ಕರಾವಳಿಯ ಕೆಲವು ಹರದಾರಿಗಳೊಳಗೇ ಓಡಾಡುತ್ತವೆ. ಯಾವ ಬಾವಿ, ಎಷ್ಟು ಆಳ ಎಂದು ಹೇಳುವಿರಿ?

ಊರಲ್ಲೇ ಕೂತವರೆಲ್ಲ ಕಾರಂತರಾಗುವುದಿಲ್ಲ ಎನ್ನುವುದೂ ನಿಜ, ಅಲ್ಲದೆ ಕಾರಂತರು ಊರೂರು ಸುತ್ತಿದವರೂ ಹೌದು. ಜರ್ಮನಿಯ ಇಮ್ಯಾನುಯೆಲ್ ಕಾಂಟ್ ಕೋನಿಗ್ಸ್‌ಬರ್ಗ್ ಬಿಟ್ಟು ದೂರ ಹೋದವನೇ ಅಲ್ಲ. ಆದರೂ ನಾಲ್ಕು ದಶಕ ಭೂಗೋಳ ಪಾಠ ಹೇಳಿದ, ಪ್ರವಾಸ ಕಥನಗಳನ್ನು ಗುಡ್ಡೆಹಾಕಿಕೊಂಡು ಓದಿದ. ಅವನ ತತ್ತ್ವಶಾಸ್ತ್ರ ಜಗತ್ತನ್ನೇ ಸುತ್ತಿತು. ಅದೇ ಭೂಗೋಳ ಪಾಠದಲ್ಲಿ ಕಪ್ಪು ಜನರ ಬಗ್ಗೆ, ಅಮೆರಿಕದ ಮೂಲನಿವಾಸಿಗಳ ಬಗ್ಗೆ ಅವನು ಆಡಿದ ಹೀನ ಮಾತುಗಳನ್ನು ಇಂದು ಓದಿದರೆ ಅಸಹ್ಯವಾಗುತ್ತದೆ. ಒಂದೇ ತಲೆಯಲ್ಲಿ ಕಡಲೂ ಬಾವಿಯೂ ಇರಬಹುದು, ಒಂದಕ್ಕೊಂದು ಗೊತ್ತಾಗದ ಹಾಗೆ.

ಹೊರದೇಶ ಕಂಡರೆ ಬಾವಿ ತಪ್ಪುತ್ತದೆ ಎಂಬ ನಂಬಿಕೆಯೂ ಅಷ್ಟೇನೂ ಗಟ್ಟಿಯಲ್ಲ. ಮದುವೆಮನೆಯ ಪಂಕ್ತಿಯಲ್ಲಿ ನೀವೂ ಇವರನ್ನು ನೋಡಿರುತ್ತೀರಿ. ಇಪ್ಪತ್ತು ವರ್ಷ ಹೊರಗಿದ್ದು ರಜೆಗೆ ಬಂದವರು. ಎಲೆಯ ತುದಿಗೆ ಬಿದ್ದ ಕೋಸಂಬರಿ ಮುಟ್ಟುವ ಮೊದಲೇ ‘ಅಮೆರಿಕದಲ್ಲಿ ಹಾಗಲ್ಲ’ ಶುರು. ಮಾತು ಬೆಳೆಸಿದರೆ ಅವರ ಅಮೆರಿಕ ಎಂದರೆ ಒಂದು ಬಡಾವಣೆ, ಒಂದು ಆಫೀಸು, ಎರಡರ ನಡುವಿನ ಹೆದ್ದಾರಿ, ವಾರಾಂತ್ಯಕ್ಕೆ ಕನ್ನಡ ಕೂಟ. ನೆರೆಮನೆಯವರ ಹೆಸರು ಕೇಳಿದರೆ ತಡವರಿಸುತ್ತಾರೆ. ಸಾರು ಬಡಿಸುವ ಹುಡುಗ ಅಷ್ಟರಲ್ಲಿ ಮೂರು ಸಲ ಬಂದು ಹೋಗಿರುತ್ತಾನೆ. ಅವರನ್ನು ದೂರಿ ಪ್ರಯೋಜನವಿಲ್ಲ. ಬೆಂಗಳೂರಿನಲ್ಲೇ ಮೂವತ್ತು ವರ್ಷ ಇದ್ದು ಕಲಾಸಿಪಾಳ್ಯ ಕಾಣದವರಿದ್ದಾರೆ, ಕಲಾಸಿಪಾಳ್ಯದಲ್ಲಿದ್ದು ವೈಟ್‌ಫೀಲ್ಡೆಂದರೆ ಬರೀ ಗಾಜಿನ ಕಟ್ಟಡ ಎಂದುಕೊಂಡವರಿದ್ದಾರೆ.

ತೆರೆದ ಬಾವಿಗಳು ಈಗ ಬತ್ತಿವೆ, ಇಲ್ಲವೇ ಕಬ್ಬಿಣದ ಜಾಲರಿ ಹೊದ್ದಿವೆ. ಆರೂವರೆ ಇಂಚಿನ ಕೊಳವೆಬಾವಿಯಲ್ಲಿ ಯಾವ ಕಪ್ಪೆಯೂ ಸಂಸಾರ ಹೂಡುವುದಿಲ್ಲ. ಆದ್ದರಿಂದ ಇಂದಿನ ಮಕ್ಕಳಿಗೆ ಈ ಪದ ವಿವರಿಸುವಾಗ ಒಂದು ವಿಷಯ ತಪ್ಪಿಹೋಗುತ್ತದೆ: ಬಾವಿಯೊಳಗೆ ದನಿ ಹೇಗಿರುತ್ತದೆ ಎಂಬುದು. ಕಲ್ಲು ಕಟ್ಟಿದ ಬಾವಿಯ ಅಂಚಿನಲ್ಲಿ ಬಗ್ಗಿ ‘ಹೋ’ ಎಂದವರಿಗೆ ಗೊತ್ತು, ನಮ್ಮದೇ ದನಿ ನಮಗಿಂತ ದೊಡ್ಡದಾಗಿ, ಗಂಭೀರವಾಗಿ ತಿರುಗಿ ಬರುತ್ತದೆ. ಬೋರ್ನಿಯೋದಲ್ಲಿ ಮರದ ಪೊಟರೆಯೊಳಗೆ ನಿಂತ ನೀರಿನಲ್ಲಿ ಕೂತು ಕೂಗುವ ಒಂದು ಪುಟ್ಟ ಕಪ್ಪೆಯಿದೆ. ಅದು ಕೂಗಿನ ಶ್ರುತಿಯನ್ನು ಏರಿಸಿ ಇಳಿಸಿ, ಪೊಟರೆ ಯಾವ ಶ್ರುತಿಗೆ ಅನುರಣಿಸುತ್ತದೆ ಎಂದು ಹುಡುಕಿ, ಸಿಕ್ಕ ಮೇಲೆ ಅದೇ ಶ್ರುತಿಯಲ್ಲಿ ಕೂಗುತ್ತದೆ ಎಂದು 2002ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಫೇಸ್‌ಬುಕ್ ಇನ್ನೂ ಹುಟ್ಟಿರಲಿಲ್ಲ. ಯಾವ ಮಾತಿಗೆ ಹೆಚ್ಚು ಲೈಕು ಬರುತ್ತದೆಂದು ಹುಡುಕಿ ಅದನ್ನೇ ದಿನಾ ಬರೆಯುವವರನ್ನು ಕಂಡಾಗ ನನಗೆ ಆ ಕಪ್ಪೆ ನೆನಪಾಗುತ್ತದೆ. ಆ ಕಪ್ಪೆಯಾದರೂ ಕೂಗುವುದು ಪೊಟರೆಯ ಹೊರಗಿರುವ ಹೆಣ್ಣಿಗೆ ಕೇಳಿಸಲೆಂದು.

ಕಪ್ಪೆಯ ಮೇಲೆ ನಮ್ಮವರಿಗೆ ದ್ವೇಷವೇನೂ ಇಲ್ಲ. ಋಗ್ವೇದದ ಏಳನೆಯ ಮಂಡಲದಲ್ಲಿ ಮಳೆಗಾಲದ ಕಪ್ಪೆಗಳಿಗೇ ಮೀಸಲಾದ ಸೂಕ್ತವಿದೆ. ಒಂದು ಕೂಗಿದ್ದನ್ನು ಇನ್ನೊಂದು ಒಪ್ಪಿಸುವುದನ್ನು ಗುರು ಹೇಳಿದ್ದನ್ನು ಶಿಷ್ಯ ಒಪ್ಪಿಸುವುದಕ್ಕೆ ಅಲ್ಲಿ ಹೋಲಿಸಿದ್ದಾರೆ. ಮಳೆ ಕೈಕೊಟ್ಟರೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕಪ್ಪೆಗಳ ಮದುವೆ ನಡೆಯುತ್ತದೆ. ವ್ಯಾಕರಣದಲ್ಲಿ ಹಿಂದಿನ ಸೂತ್ರದ ಪದವೊಂದು ನಡುವಿನ ಸೂತ್ರಗಳನ್ನು ಹಾರಿ ಮುಂದಿನದಕ್ಕೆ ಬಂದರೆ ಅದನ್ನು ‘ಮಂಡೂಕಪ್ಲುತಿ’ ಎನ್ನುತ್ತಾರೆ, ಕಪ್ಪೆಜಿಗಿತ. ಒಂದೇ ಶಾಸ್ತ್ರದಲ್ಲಿ ಕಪ್ಪೆ ಕೂತೂ ಇದೆ, ನೆಗೆದೂ ಇದೆ. ಜಪಾನೀಯರು ಇನ್ನೂ ಮುಂದೆ ಹೋದರು. ಬಾವಿಯ ಕಪ್ಪೆಗೆ ಕಡಲು ಗೊತ್ತಿಲ್ಲ ಎಂಬ ಚೀನಾದ ಮಾತನ್ನು ತೆಗೆದುಕೊಂಡು, ಆಕಾಶದ ಆಳ ಮಾತ್ರ ಅದಕ್ಕೆ ಗೊತ್ತು ಎಂಬ ಬಾಲ ಸೇರಿಸಿದರು. ಒಂದೇ ಕಸುಬಿನಲ್ಲಿ ಆಯುಷ್ಯ ಸವೆಸಿದವರ ಪರವಾಗಿ ಅಲ್ಲಿ ಈ ಮಾತು ನಡೆಯುತ್ತದೆ. ಒಪ್ಪಬೇಕಾದ ಮಾತೇ, ಆದರೆ ಬಾವಿಯ ಕಪ್ಪೆಗಳು ಇದನ್ನು ತಾವೇ ಹೇಳಿಕೊಳ್ಳಲು ಶುರುಮಾಡಿದರೆ ಕಷ್ಟ.

ಬಾವಿ ಬಿಟ್ಟು ಹೊರಟ ಕಪ್ಪೆಯ ಕಥೆಯೂ ಸಂಸ್ಕೃತದಲ್ಲಿದೆ, ಪಂಚತಂತ್ರದ ‘ಲಬ್ಧಪ್ರಣಾಶ’ದಲ್ಲಿ. ಅದನ್ನು ಕೂಪಮಂಡೂಕನ ಜತೆ ಯಾರೂ ಹೇಳುವುದಿಲ್ಲ. ಗಂಗದತ್ತ ಒಂದು ಬಾವಿಯ ಕಪ್ಪೆರಾಜ. ದಾಯಾದಿಗಳ ಕಾಟ ತಾಳದೆ ಏತದ ಗಾಲಿಯ ಮಡಕೆ ಹಿಡಿದು ಮೇಲೆ ಬರುತ್ತಾನೆ. ಹೊರಗಿನ ಇಷ್ಟಗಲ ಲೋಕದಲ್ಲಿ ಅವನ ಕಣ್ಣಿಗೆ ಬಿದ್ದದ್ದು ಪ್ರಿಯದರ್ಶನ ಎಂಬ ಹಾವು. ಮುದಿಯಾದ ಅದಕ್ಕೆ ಬಾವಿಯ ದಾರಿ ತೋರಿಸಿ, ತನ್ನ ವೈರಿಗಳನ್ನೆಲ್ಲ ಬೆರಳು ಮಾಡಿ ಕೊಡುತ್ತಾನೆ. ಅವರು ಮುಗಿದ ಮೇಲೂ ಹಾವಿಗೆ ಹಸಿವು. ಅವನ ಪರಿವಾರ ಹೋಯಿತು, ಮಗನೂ ಹೋದ. ಕೊನೆಗೆ ಬೇರೆ ಬಾವಿಗಳಿಂದ ಕಪ್ಪೆ ಕರೆತರುತ್ತೇನೆಂದು ನಂಬಿಸಿ ಗಂಗದತ್ತ ಮತ್ತೆ ಗಾಲಿ ಹತ್ತಿ ತಪ್ಪಿಸಿಕೊಳ್ಳುತ್ತಾನೆ. ಕಾದು ಕಾದು ಬೇಸತ್ತ ಹಾವು ಉಡವೊಂದನ್ನು ಕಳಿಸುತ್ತದೆ: ಬೇರೆ ಕಪ್ಪೆ ಸಿಗದಿದ್ದರೂ ಚಿಂತೆಯಿಲ್ಲ, ನೀನಿಲ್ಲದೆ ಇರಲಾರೆ, ಒಬ್ಬನೇ ಬಾ. ಹಸಿದವನು ಯಾವ ಪಾಪಕ್ಕೆ ಹೇಸುತ್ತಾನೆ, ಗಂಗದತ್ತ ಇನ್ನು ಆ ಬಾವಿಗೆ ಬರುವುದಿಲ್ಲವೆಂದು ಹೇಳು ಎಂದು ಕಪ್ಪೆ ಉಡವನ್ನು ಹಿಂದಕ್ಕೆ ಕಳಿಸಿತು.